ದೂರದ ದುಡಿಮೆ, ಊರಿನ ಶಾಲೆ, ಊರಿನ ಆಸ್ಪತ್ರೆ: ಅನಿವಾಸಿಗಳ ನೆರವು ನೆಲೆ ನಿಲ್ಲುವುದು ಹೇಗೆ?

ಪ್ರತಿ ವರ್ಷ ಡಿಸೆಂಬರ್ ಮತ್ತು ಮೇ ತಿಂಗಳುಗಳಲ್ಲಿ ವಿದೇಶಗಳಲ್ಲಿ ದುಡಿಯುವ ನಮ್ಮವರು ರಜೆಯ ಮೇಲೆ ಊರಿಗೆ ಬರುತ್ತಾರೆ. ಹಬ್ಬ, ಮದುವೆ, ಮನೆ ಒಕ್ಕಲಿನ ಗಡಿಬಿಡಿಯ ನಡುವೆಯೂ ಅವರಲ್ಲಿ ಹಲವರು ಒಂದು ಪ್ರಶ್ನೆ ಕೇಳುತ್ತಾರೆ: "ನಾವು ಕಲಿತ ಶಾಲೆಗೆ, ನಮ್ಮ ಊರಿನ ಬಡವರ ಚಿಕಿತ್ಸೆಗೆ ಏನಾದರೂ ಮಾಡಬೇಕಲ್ಲ?" ಕೇಳುವವರು ಇಂಜಿನಿಯರುಗಳು, ದಾದಿಯರು, ವೈದ್ಯರು, ಲೆಕ್ಕಪರಿಶೋಧಕರು, ಅಧ್ಯಾಪಕರು. ಕೊಡುವ ಮನಸ್ಸು ಅವರಲ್ಲಿದೆ. ಪಡೆಯುವ ಅಗತ್ಯ ಊರಿನಲ್ಲಿದೆ. ಆದರೂ ಎಷ್ಟೋ ಕಡೆ ದಾನಿಗಳ ಹೆಸರು ಕೆತ್ತಿದ ಕಲ್ಲು ಉಳಿದಿದೆ, ಕೊಠಡಿಗೆ ಬೀಗ ಬಿದ್ದಿದೆ. ಕಂಪ್ಯೂಟರ್ ಇದೆ, ಕಲಿಸುವವರಿಲ್ಲ. ವೈದ್ಯಕೀಯ ಶಿಬಿರ ನಡೆದಿದೆ, ಮರುತಿಂಗಳ ಮಾತ್ರೆಗೆ ದಾರಿಯಿಲ್ಲ.

ಇದು ಏಕೆ ಹೀಗಾಗುತ್ತದೆ, ಹೀಗಾಗದಂತೆ ಏನು ಮಾಡಬಹುದು ಎಂಬುದನ್ನು ಧರ್ಮಕೇಂದ್ರಗಳ ಪಾಲನಾ ಸಮಿತಿಯವರಿಗೂ ಸಮಾಜಸೇವಾ ಕಾರ್ಯಕರ್ತರಿಗೂ ಉಪಯೋಗವಾಗುವಂತೆ ವಿವರಿಸುವುದು ಈ ಲೇಖನದ ಉದ್ದೇಶ. ನಮ್ಮ ಮಾತಿನ ಸಾರ ಇಷ್ಟೆ: ಮೊದಲ ವರ್ಷದ ಹಣ ಸುಲಭವಾಗಿ ಬರುತ್ತದೆ. ಮೂರನೆಯ ವರ್ಷವೂ ಕೆಲಸ ನಡೆಯಬೇಕಾದರೆ ಊರಿನಲ್ಲಿ ಅದನ್ನು ಹೊತ್ತು ನಡೆಸುವ ಒಬ್ಬರು ಬೇಕು, ಅವರ ಸಂಬಳಕ್ಕೆ ಒಂದು ಖಚಿತ ಮೂಲ ಬೇಕು.

ಹಳೆಯ ಸಂಪ್ರದಾಯ

ಊರು ಬಿಟ್ಟವರು ಊರಿಗೆ ನೆರವಾಗುವುದು ಕರಾವಳಿಗೆ ಹೊಸದಲ್ಲ. ಮುಂಬಯಿಗೆ ಹೋದ ಮೊಗವೀರ ಬಂಧುಗಳು 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿ ವಿದ್ಯಾಭ್ಯಾಸಕ್ಕೆ ಒತ್ತು ಕೊಟ್ಟರು. 1973ರಲ್ಲಿ ತೈಲದ ಬೆಲೆ ಏರಿದ ಬಳಿಕ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸದ ಬಾಗಿಲು ತೆರೆಯಿತು. ಕುವೈತ್, ಬಹರೈನ್, ಮಸ್ಕತ್, ದುಬೈಗಳಿಂದ ಬಂದ ಹಣ ಕರಾವಳಿಯ ಮನೆಗಳನ್ನೂ ಶಾಲೆಗಳನ್ನೂ ಬದಲಿಸಿತು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು 1998ರಲ್ಲಿ ತಮ್ಮ ಕನ್ನಡ ಕೂಟಗಳನ್ನು ಒಂದುಗೂಡಿಸಿ 'ಅಕ್ಕ' ಸಂಸ್ಥೆಯನ್ನು ಕಟ್ಟಿದರು. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಬಂದ ಹಣ ಸುಮಾರು 12,900 ಕೋಟಿ ಡಾಲರ್. ಜಗತ್ತಿನ ಯಾವ ದೇಶಕ್ಕೂ ಆ ವರ್ಷ ಇಷ್ಟು ಬರಲಿಲ್ಲ. ಇದರ ಬಹುಪಾಲು ಮನೆಯ ಖರ್ಚಿಗೆ, ಮಕ್ಕಳ ಓದಿಗೆ, ಹಿರಿಯರ ಔಷಧಿಗೆ ಹೋಗುವಂಥದ್ದು. ಊರಿನ ಪಾಲಿಗೆ ಉಳಿಯುವುದು ಚಿಕ್ಕ ಭಾಗ. ಚಿಕ್ಕದಾದುದರಿಂದಲೇ ಅದನ್ನು ಎಚ್ಚರದಿಂದ ಬಳಸಬೇಕು.

ದಿನನಿತ್ಯದ ಖರ್ಚಿಗೆ ಮೂಲ ಕಂಡುಕೊಂಡ ಹಳೆಯ ಉದಾಹರಣೆಯೊಂದು ನಮ್ಮ ಮಂಗಳೂರಿನಲ್ಲೇ ಇದೆ. ಜರ್ಮನಿಯಿಂದ ಬಂದ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಇಲ್ಲಿ ಹೋಮಿಯೋಪತಿ ಔಷಧಿ ಕೊಡಲಾರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. ಯುರೋಪಿನ ದೇಣಿಗೆಯೊಂದನ್ನೇ ನಂಬದೆ, ಔಷಧಿಗಳನ್ನು ದೂರದ ಊರುಗಳಿಗೂ ಮಾರಿ, ಅದರ ಆದಾಯವನ್ನು ಬಡರೋಗಿಗಳ ಸೇವೆಗೆ ಬಳಸಿದರು. ಅವರು 1910ರಲ್ಲಿ ತೀರಿಕೊಂಡರೂ ಸಂಸ್ಥೆ ನಿಲ್ಲಲಿಲ್ಲ. 1999ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು.

ನಮ್ಮ ರಾಜ್ಯದ ಕೆಲವು ಮಾದರಿಗಳು

ಮೊದಲನೆಯದು ಹುಬ್ಬಳ್ಳಿಯದು. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆ ಮದರಾಸಿನ ಐಐಟಿಯಲ್ಲಿ ಓದಿ, ಕೆನಡಾದಲ್ಲಿ ಉನ್ನತ ಶಿಕ್ಷಣ ಪಡೆದು, ಅಮೆರಿಕದಲ್ಲಿ ದೂರಸಂಪರ್ಕ ಯಂತ್ರಗಳ ಉದ್ದಿಮೆಯಲ್ಲಿ ಹೆಸರು ಮಾಡಿದರು. 1996ರಲ್ಲಿ ಅವರೂ ಪತ್ನಿ ಜಯಶ್ರೀಯವರೂ ದೇಶಪಾಂಡೆ ಫೌಂಡೇಶನ್ ಆರಂಭಿಸಿದರು. ಉತ್ತರ ಕರ್ನಾಟಕದಲ್ಲಿ ಅವರು ಬೆಳೆಸಿದ ಕಾರ್ಯಕ್ಕೆ 'ಸ್ಯಾಂಡ್‌ಬಾಕ್ಸ್' ಎಂದು ಹೆಸರು. ಅಂದರೆ ಮಕ್ಕಳು ಆಡುವ ಮರಳಿನ ಅಂಗಳ. ಸ್ಥಳೀಯ ಸಂಸ್ಥೆಗಳು ಸಣ್ಣದಾಗಿ ಪ್ರಯೋಗ ಮಾಡಿ ನೋಡಲಿ, ಫಲ ಕಂಡದ್ದು ಬೆಳೆಯಲಿ ಎಂಬ ವಿಚಾರ. ಹಳ್ಳಿಯ ಪದವೀಧರರಿಗೆ ಉದ್ಯೋಗ ಕೌಶಲದ ತರಬೇತಿ ಹುಬ್ಬಳ್ಳಿಯಲ್ಲೇ ನಡೆಯುತ್ತದೆ. ಬೋಸ್ಟನ್ನಿನಲ್ಲಿ ಕುಳಿತು ಆಜ್ಞೆ ಕೊಡುವ ಬದಲು ಊರಿನ ಯುವಕ ಯುವತಿಯರನ್ನೇ ನಾಯಕತ್ವಕ್ಕೆ ತಯಾರು ಮಾಡಿದ್ದು ಇಲ್ಲಿ ಗಮನಿಸಬೇಕಾದ ಅಂಶ.

ಎರಡನೆಯದು ಕರ್ನಾಟಕ, ಆಂಧ್ರ, ತಮಿಳುನಾಡು ಸೇರುವ ಗಡಿಯ ಕುಪ್ಪಂನದು. ವಿದೇಶದ ಬ್ಯಾಂಕಿಂಗ್ ವೃತ್ತಿ ಬಿಟ್ಟು ಮರಳಿದ ರಾಮ್‌ಜಿ ರಾಘವನ್ 1999ರಲ್ಲಿ ಅಗಸ್ತ್ಯ ಅಂತರರಾಷ್ಟ್ರೀಯ ಪ್ರತಿಷ್ಠಾನವನ್ನು ಆರಂಭಿಸಿದರು. ವಿಜ್ಞಾನದ ಉಪಕರಣಗಳಿಲ್ಲದ ಸರ್ಕಾರಿ ಶಾಲೆಗಳಿಗೆ ಪ್ರಯೋಗಾಲಯವನ್ನೇ ವಾಹನದಲ್ಲಿ ಕೊಂಡೊಯ್ಯುವುದು ಅವರ ಪ್ರಮುಖ ಕೆಲಸ. ಕರ್ನಾಟಕದ ಹಳ್ಳಿಗಳಿಗೂ ಈ ವಾಹನಗಳು ಬಂದಿವೆ. ಪ್ರತಿ ಶಾಲೆಗೂ ಒಂದೊಂದು ಪ್ರಯೋಗಾಲಯ ಕಟ್ಟಿ ಬೀಗ ಹಾಕುವುದಕ್ಕಿಂತ, ಕಲಿಸಬಲ್ಲ ಬೋಧಕರೊಡನೆ ಒಂದು ವಾಹನ ಹತ್ತಾರು ಶಾಲೆ ಸುತ್ತುವುದು ಲಾಭಕರ ಎಂಬ ಲೆಕ್ಕಾಚಾರ ಇದರ ಹಿಂದಿದೆ.

ಮೂರನೆಯದು ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ಅಮೆರಿಕದ ಸರ್ಜನ್ ಜನರಲ್ ಆಗಿ 2014ರಿಂದ 2017ರವರೆಗೆ, ಮತ್ತೆ 2021ರಿಂದ 2025ರವರೆಗೆ ಸೇವೆ ಸಲ್ಲಿಸಿದ ಡಾ. ವಿವೇಕ್ ಮೂರ್ತಿಯವರ ತಂದೆಯ ಊರು ಇದು. ವಿವೇಕ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಅಮೆರಿಕದ ಮಯಾಮಿಯಲ್ಲಿ. ಆದರೂ ಆ ಕುಟುಂಬ ಸ್ಕೋಪ್ ಫೌಂಡೇಶನ್ ಮೂಲಕ ಮಂಡ್ಯ ಭಾಗದಲ್ಲಿ ಆರೋಗ್ಯ ಶಿಬಿರಗಳನ್ನು ನಡೆಸಿದೆ. ವಿದ್ಯಾರ್ಥಿಯಾಗಿದ್ದಾಗಲೇ ವಿವೇಕ್, ಗ್ರಾಮೀಣ ಭಾರತದಲ್ಲಿ ಹಳ್ಳಿಯ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ ತರಬೇತುಗೊಳಿಸುವ 'ಸ್ವಾಸ್ಥ್ಯ' ಎಂಬ ಯೋಜನೆಯಲ್ಲಿ ತೊಡಗಿದ್ದರು. ಶಿಬಿರ ಮುಗಿದು ವೈದ್ಯರು ಹೊರಟು ಹೋದರೂ ತರಬೇತಿ ಪಡೆದ ಹೆಣ್ಣುಮಗಳು ಊರಿನಲ್ಲೇ ಇರುತ್ತಾಳೆ.

ಊರು ಬಿಟ್ಟವರೆಂದರೆ ವಿದೇಶಕ್ಕೆ ಹೋದವರು ಮಾತ್ರವಲ್ಲ. ಬೆಂಗಳೂರಿನ ಹೃದ್ರೋಗ ತಜ್ಞ ಡಾ. ಬಿ. ರಮಣ ರಾವ್ 1970ರ ದಶಕದಿಂದ ನೆಲಮಂಗಲ ತಾಲ್ಲೂಕಿನ ಟಿ. ಬೇಗೂರಿನಲ್ಲಿ ಭಾನುವಾರದ ಉಚಿತ ಚಿಕಿತ್ಸಾಲಯ ನಡೆಸಿದವರು. 2010ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ದೊಡ್ಡ ಕಟ್ಟಡಕ್ಕಿಂತ, ತಪ್ಪದೆ ಬರುವ ಒಂದು ದಿನ ರೋಗಿಗೆ ಹೆಚ್ಚು ಬೆಲೆಬಾಳುತ್ತದೆ. "ಮುಂದಿನ ಭಾನುವಾರವೂ ಡಾಕ್ಟರು ಇರುತ್ತಾರೆ" ಎಂಬ ನಂಬಿಕೆಯಿದ್ದರೆ ಮಾತ್ರ ಬಡವನು ಮಾತ್ರೆಯನ್ನು ಮಧ್ಯದಲ್ಲಿ ಬಿಡುವುದಿಲ್ಲ.

ಉಡುಪಿಯ ಪಾಠ

ಒಬ್ಬ ದಾನಿಯ ಮೇಲೆಯೇ ಎಲ್ಲವೂ ನಿಂತರೆ ಏನಾಗಬಹುದು ಎಂಬುದಕ್ಕೆ ಉಡುಪಿಯ ಉದಾಹರಣೆ ಕಣ್ಣೆದುರಿದೆ. ಅನಿವಾಸಿ ಉದ್ಯಮಿ ಬಿ. ಆರ್. ಶೆಟ್ಟಿಯವರು ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ತಾಯಿ ಮತ್ತು ಮಕ್ಕಳಿಗಾಗಿ 200 ಹಾಸಿಗೆಗಳ ಉಚಿತ ಆಸ್ಪತ್ರೆಯನ್ನು ಕಟ್ಟಿಸಿದರು. 2017ರ ನವೆಂಬರಿನಲ್ಲಿ ಅದು ಉದ್ಘಾಟನೆಗೊಂಡಿತು. ಸಾವಿರಾರು ಬಡ ತಾಯಂದಿರಿಗೆ ಅದು ಆಸರೆಯಾಯಿತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ 2020ರಲ್ಲಿ ಅವರ ಕೊಲ್ಲಿಯ ಎನ್‌ಎಂಸಿ ಕಂಪನಿ ಆರ್ಥಿಕ ಸಂಕಷ್ಟಕ್ಕೆ ಸಿಲುಕಿತು. ಅದರ ಬಿಸಿ ಉಡುಪಿಗೂ ತಟ್ಟಿತು. ದಾದಿಯರು ಮತ್ತು ಸಿಬ್ಬಂದಿ ಬಾಕಿ ವೇತನಕ್ಕಾಗಿ ಮುಷ್ಕರ ಹೂಡಬೇಕಾಯಿತು. ಕೊನೆಗೆ ರಾಜ್ಯ ಸರ್ಕಾರವೇ ಆಸ್ಪತ್ರೆಯನ್ನು ವಹಿಸಿಕೊಂಡಿತು.

ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ. ಅಲ್ಲಿ ಕಟ್ಟಡ ಗಟ್ಟಿಯಾಗಿತ್ತು, ಸೇವೆ ಚೆನ್ನಾಗಿತ್ತು. ಸಾವಿರಾರು ಮೈಲಿ ದೂರದ ಕಂಪನಿಯೊಂದರ ಏಳುಬೀಳು ಇಲ್ಲಿನ ಹೆರಿಗೆ ಕೋಣೆಯ ದಾದಿಯ ಸಂಬಳವನ್ನು ನಿರ್ಧರಿಸುವಂತಾದದ್ದು ಅಲ್ಲಿದ್ದ ದೌರ್ಬಲ್ಯ. ಅಷ್ಟು ದೊಡ್ಡ ಆಸ್ಪತ್ರೆಗೇ ಹೀಗಾದರೆ, ಒಬ್ಬರ ದೇಣಿಗೆಯಿಂದ ನಡೆಯುವ ಹಳ್ಳಿಯ ಟ್ಯೂಷನ್ ತರಗತಿ ಅಥವಾ ಔಷಧಾಲಯದ ಪಾಡೇನು? ದುಬೈಯಲ್ಲಿ ಒಬ್ಬನ ಕೆಲಸ ಹೋದರೆ ಇಲ್ಲಿ ಒಂದು ಮಗುವಿನ ಓದು ನಿಲ್ಲಬಾರದು.

ದೇವನೂರಿನಂಥ ಊರಿಗೆ ಏನು ಬೇಕು?

ಈಗ ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಂಡು ಯೋಚಿಸೋಣ. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕರಾವಳಿಯ ನಮಗೆ ನೆನಪಾಗುವುದು ಘಟ್ಟದ ಕಾಫಿ ತೋಟ. ಅದೇ ಜಿಲ್ಲೆಯ ಕಡೂರು ತಾಲ್ಲೂಕು ಬಯಲುಸೀಮೆ. ರಾಗಿ, ತೆಂಗು, ಕೆರೆ ನೀರಿನ ನಾಡು. ಅಲ್ಲಿನ ದೇವನೂರು ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದು ಪ್ರಸಿದ್ಧ. ಇಂಥ ಊರಿನಿಂದ ಹೋದ ಇಂಜಿನಿಯರ್ ಒಬ್ಬರು ಅಮೆರಿಕದಲ್ಲಿದ್ದಾರೆ, ದಾದಿಯೊಬ್ಬರು ಐರ್ಲೆಂಡಿನಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಅವರು ಊರಿಗೆ ಏನು ಮಾಡಬಹುದು?

ಮೊದಲು ಊರಿನಲ್ಲಿ ಈಗಾಗಲೇ ಏನಿದೆ ಎಂದು ನೋಡಬೇಕು. ಕಡ್ಡಾಯ ಶಿಕ್ಷಣ ಕಾಯ್ದೆ 2010ರ ಏಪ್ರಿಲಿನಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ 8ನೇ ತರಗತಿಯವರೆಗೆ ಉಚಿತ ಶಿಕ್ಷಣ ಹಕ್ಕು. ಮಧ್ಯಾಹ್ನದ ಬಿಸಿಯೂಟವಿದೆ. ಹಾಗಾಗಿ ಕೊರತೆ ಹೆಚ್ಚಾಗಿ ಕಾಣುವುದು 8ನೇ ತರಗತಿಯ ನಂತರ: ಇಂಗ್ಲಿಷ್, ಗಣಿತದ ಹಿಂದುಳಿಕೆ, ಹತ್ತನೆಯ ತರಗತಿಯ ಭಯ, ಪಿಯು ಕಾಲೇಜಿಗೆ ಬಸ್ಸು, ಹೆಣ್ಣುಮಕ್ಕಳಿಗೆ ಹಾಸ್ಟೆಲ್.

ಒಂದು ಸಣ್ಣ ಉದಾಹರಣೆ ಕೊಡುತ್ತೇವೆ. ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ವಿದ್ಯಾರ್ಥಿವೇತನಕ್ಕೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳು ಪರೀಕ್ಷೆ ಬರೆಯಬಹುದು. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ 4 ವರ್ಷಗಳಲ್ಲಿ 48,000 ರೂಪಾಯಿ ಸಿಗುತ್ತದೆ. ಅನಿವಾಸಿ ಇಂಜಿನಿಯರ್ ಒಬ್ಬ ಮಗುವಿಗೆ ನೇರವಾಗಿ 48,000 ಕೊಡಬಹುದು. ಅದೇ ಹಣದಲ್ಲಿ ಊರಿನ ಪದವೀಧರೆಯೊಬ್ಬರಿಗೆ ಗೌರವಧನ ಕೊಟ್ಟು, ಕೆಲವು ತಿಂಗಳು ಸಂಜೆ ತರಗತಿ ನಡೆಸಿ, ಹಲವು ಮಕ್ಕಳನ್ನು ಆ ಪರೀಕ್ಷೆಗೆ ಸಿದ್ಧಪಡಿಸಬಹುದು. ಇಬ್ಬರು ಮಕ್ಕಳು ಆಯ್ಕೆಯಾದರೂ ಹಾಕಿದ ಹಣ ಇಮ್ಮಡಿಯಾಯಿತು. ಆಯ್ಕೆಯಾಗದ ಮಕ್ಕಳಿಗೂ ಗಣಿತ ಉಳಿಯಿತು. ಇಂಜಿನಿಯರ್ ತಾನೇ ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಪಾಠ ಮಾಡಿದರೆ ಮಕ್ಕಳಿಗೆ "ನಮ್ಮೂರಿನವರೇ ಅಲ್ಲಿಗೆ ಹೋಗಿದ್ದಾರೆ" ಎಂಬ ಧೈರ್ಯವೂ ಬರುತ್ತದೆ.

ಆರೋಗ್ಯದ ವಿಷಯವೂ ಹಾಗೆಯೇ. ನಿಯಮದ ಪ್ರಕಾರ ಬಯಲು ಪ್ರದೇಶದಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಹಳ್ಳಿಗಳಿಗೆ ಆಶಾ ಕಾರ್ಯಕರ್ತೆಯರು ಬಂದರು. ಬಡ ಕುಟುಂಬಗಳಿಗೆ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಇವೆಲ್ಲ ಇದ್ದೂ ರೋಗಿ ಚಿಕಿತ್ಸೆಯಿಲ್ಲದೆ ಉಳಿಯುವುದುಂಟು. ಕಾರ್ಡ್ ಮಾಡಿಸಿಲ್ಲ, ಯಾವ ಆಸ್ಪತ್ರೆಗೆ ಹೋಗಬೇಕೆಂದು ಗೊತ್ತಿಲ್ಲ, ಜೊತೆಗೆ ಹೋಗುವವರಿಲ್ಲ, ಬಸ್ಸಿಗೆ ಹಣವಿಲ್ಲ, ಒಂದು ದಿನದ ಕೂಲಿ ಬಿಡುವಂತಿಲ್ಲ.

ಒಂದು ದಿನದ ಶಿಬಿರದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಪತ್ತೆಯಾಗುತ್ತದೆ, ಹದಿನೈದು ದಿನದ ಮಾತ್ರೆ ಸಿಗುತ್ತದೆ. ಹದಿನಾರನೆಯ ದಿನ? ಶಿಬಿರದ ಹೆಸರುಗಳ ಪಟ್ಟಿಯನ್ನು ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆಶಾ ಕಾರ್ಯಕರ್ತೆಗೂ ಒಪ್ಪಿಸಿದರೆ, ಮುಂದಿನ ಮಾತ್ರೆಯನ್ನು ಅಲ್ಲಿಂದ ಪಡೆಯುವ ಏರ್ಪಾಡು ಮಾಡಬಹುದು. ತಿಂಗಳಿಗೊಮ್ಮೆ ಯಾರು ಬರಲಿಲ್ಲ ಎಂದು ನೋಡಿ ಮನೆಗೆ ಹೋಗಿ ವಿಚಾರಿಸಲು ಊರಿನ ಒಬ್ಬಳು ಬೇಕು. ಆಕೆಯ ಗೌರವಧನವೇ ಅನಿವಾಸಿಗಳ ಉತ್ತಮ ದೇಣಿಗೆ. ಐರ್ಲೆಂಡಿನ ದಾದಿ ಹಣ ಕೊಡಲಾರದಿದ್ದರೂ ಆಕೆಗೆ ಕಾಲಿನ ಹುಣ್ಣು ನೋಡಿಕೊಳ್ಳುವುದು, ಹಾಸಿಗೆ ಹಿಡಿದವರ ಆರೈಕೆ ಮುಂತಾದುದನ್ನು ಕಲಿಸಬಹುದು. ಪರಿಣತಿಯೂ ದಾನವೇ.

ಇಲ್ಲಿ ಎರಡು ಎಚ್ಚರಿಕೆಗಳು. ವಿದೇಶದಲ್ಲಿ ಮಾತ್ರ ನೋಂದಣಿ ಇರುವ ವೈದ್ಯರು ಅನುಮತಿಯಿಲ್ಲದೆ ಇಲ್ಲಿ ರೋಗಿಗಳಿಗೆ ಚಿಕಿತ್ಸೆ ಬರೆಯುವಂತಿಲ್ಲ. 2020ರ ಮಾರ್ಚಿನಲ್ಲಿ ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಭಾರತದಲ್ಲಿ ನೋಂದಾಯಿತ ವೈದ್ಯರಿಗೆ ಮಾತ್ರ ಅನ್ವಯಿಸುತ್ತದೆ. ಅವರು ಇಲ್ಲಿನ ವೈದ್ಯರಿಗೆ ಸಲಹೆಗಾರರಾಗಿ, ಕಾರ್ಯಕರ್ತೆಯರಿಗೆ ಶಿಕ್ಷಕರಾಗಿ ನೆರವಾಗಲಿ. ಎರಡನೆಯದಾಗಿ, ಸೂಟ್‌ಕೇಸಿನಲ್ಲಿ ಉಳಿಕೆ ಔಷಧಿ ತರುವುದು ಬೇಡ. ದಾನದ ಔಷಧಿಗೆ ತಲುಪಿದ ಮೇಲೂ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹಣ ಬರುವ ದಾರಿ

ಕಾನೂನಿನ ವಿಷಯದಲ್ಲಿ ನಮ್ಮ ಸಮಿತಿಗಳಲ್ಲಿ ಬಹಳ ಗೊಂದಲವಿದೆ. ಮುಖ್ಯ ಅಂಶಗಳು ಹೀಗಿವೆ.

ಭಾರತದ ಪಾಸ್‌ಪೋರ್ಟ್ ಹೊಂದಿರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ದೇಣಿಗೆಯನ್ನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ. ಆದರೆ ದಾನಿಯ ಪಾಸ್‌ಪೋರ್ಟಿನ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಬೇಕು.

ಅದೇ ವ್ಯಕ್ತಿ ಅಮೆರಿಕ, ಕೆನಡಾ ಅಥವಾ ಬ್ರಿಟನ್ನಿನ ಪೌರತ್ವ ಪಡೆದಿದ್ದರೆ, ಓಸಿಐ ಕಾರ್ಡ್ ಇದ್ದರೂ, ಆತನ ದೇಣಿಗೆ ವಿದೇಶಿ ದೇಣಿಗೆಯೇ. ಹೊರದೇಶದಲ್ಲಿ ನೋಂದಣಿಯಾದ ಸಂಘ ಸಂಸ್ಥೆಗಳ ಹಣವೂ ಹಾಗೆಯೇ. ಅದನ್ನು ಪಡೆಯುವ ಸಂಸ್ಥೆಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇರಲೇಬೇಕು.

2020ರ ಸೆಪ್ಟೆಂಬರಿನ ತಿದ್ದುಪಡಿ ಮೂರು ದೊಡ್ಡ ಬದಲಾವಣೆ ತಂದಿತು. ವಿದೇಶಿ ದೇಣಿಗೆ ಮೊದಲು ನವದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ನಮ್ಮ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಮೂರನೆಯದು: ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹಿಂದೆ ನಗರದ ದೊಡ್ಡ ಸಂಸ್ಥೆ ಹಣ ಪಡೆದು ಹಳ್ಳಿಯ ಸಣ್ಣ ಸಂಸ್ಥೆಗೆ ಹಂಚುವ ಪದ್ಧತಿಯಿತ್ತು. ಆ ಬಾಗಿಲು ಮುಚ್ಚಿದ್ದರಿಂದ ದೂರದ ಊರುಗಳ ಸಣ್ಣ ಸಂಸ್ಥೆಗಳಿಗೇ ಹೆಚ್ಚು ಹೊಡೆತ ಬಿದ್ದಿದೆ. ಈಗ ಉಳಿದಿರುವ ದಾರಿ ಎಂದರೆ, ನೋಂದಾಯಿತ ಸಂಸ್ಥೆ ಆ ಹಳ್ಳಿಯಲ್ಲಿ ತಾನೇ ನೇರವಾಗಿ ಕೆಲಸ ನಡೆಸುವುದು.

ಯಾರದೋ ವೈಯಕ್ತಿಕ ಖಾತೆಗೆ ಹಣ ತರಿಸಿಕೊಂಡು ಸಂಸ್ಥೆಯ ಕೆಲಸಕ್ಕೆ ಬಳಸುವ ಅಡ್ಡದಾರಿ ಎಂದಿಗೂ ಬೇಡ. ಅದರಿಂದ ದಾನಿಗೂ ಸಂಸ್ಥೆಗೂ ತೊಂದರೆ. ಸರ್ಕಾರಿ ಶಾಲೆಗೆ ನೆರವು ಕೊಡುವುದಾದರೆ ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಹಾಗೂ ಮೇಲುಸ್ತುವಾರಿ ಸಮಿತಿಯ ಮೂಲಕ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ತಂದು, ರಸೀದಿ ಪಡೆದು ಕೊಡುವುದು ಉತ್ತಮ.

ಕೊಡುವ ಮೊದಲು, ಪಡೆಯುವ ಮೊದಲು

ದಾನಿಗಳೂ ಸಮಿತಿಯವರೂ ಒಟ್ಟಿಗೆ ಕುಳಿತು ಈ ಐದು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಬರೆದಿಟ್ಟುಕೊಳ್ಳಲಿ ಎಂಬುದು ನಮ್ಮ ಸಲಹೆ.

1. ಇದನ್ನು ಕೇಳಿದವರು ಯಾರು? ಊರಿನ ತಾಯಂದಿರು, ಶಿಕ್ಷಕರು, ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದ್ದೇವೆಯೇ?

2. ದಿನನಿತ್ಯ ಇದನ್ನು ನಡೆಸುವವರು ಯಾರು? ಅವರ ಹೆಸರು, ಕೆಲಸ, ಗೌರವಧನ ನಿಗದಿಯಾಗಿದೆಯೇ?

3. ಮೂರನೆಯ ವರ್ಷದ ಖರ್ಚು ಎಲ್ಲಿಂದ? ಒಬ್ಬರು ಲಕ್ಷ ಕೊಡುವುದಕ್ಕಿಂತ ಇಪ್ಪತ್ತು ಮಂದಿ ಐದೈದು ಸಾವಿರ ಕೊಡುವುದು ಹೆಚ್ಚು ಭದ್ರ.

4. ಸರ್ಕಾರದ ಯಾವ ಸೌಲಭ್ಯದೊಡನೆ ಇದು ಜೋಡಣೆಯಾಗುತ್ತದೆ?

5. ಲೆಕ್ಕವನ್ನು ಯಾರಿಗೆ, ಯಾವಾಗ ಒಪ್ಪಿಸುತ್ತೇವೆ? ದಾನಿಗೆ ಮಾತ್ರವಲ್ಲ, ಊರಿಗೂ ಓದಿ ಹೇಳುತ್ತೇವೆಯೇ?

ಮೆಕ್ಸಿಕೋ ದೇಶದಲ್ಲಿ 2002ರಿಂದ ಸುಮಾರು ಎರಡು ದಶಕಗಳ ಕಾಲ 'ಒಂದಕ್ಕೆ ಮೂರು' ಎಂಬ ಯೋಜನೆ ನಡೆಯಿತು. ಅಮೆರಿಕದಲ್ಲಿ ದುಡಿಯುವವರ ಊರ ಸಂಘ ಒಂದು ಪೆಸೊ ಕೊಟ್ಟರೆ ಕೇಂದ್ರ, ರಾಜ್ಯ ಮತ್ತು ಸ್ಥಳೀಯ ಆಡಳಿತ ತಲಾ ಒಂದು ಪೆಸೊ ಸೇರಿಸುತ್ತಿದ್ದವು. ಸರ್ಕಾರ ಬದಲಾದ ಮೇಲೆ ಆ ಯೋಜನೆ ನಿಂತಿತು. ಆದರೂ ಅದರ ಮೂಲ ವಿಚಾರ ನಮಗೆ ಉಪಯುಕ್ತ: ಹೊರಗಿನವರ ಪಾಲು, ಊರಿನವರ ಪಾಲು, ಆಡಳಿತದ ಪಾಲು ಮೂರೂ ಸೇರಿದಾಗ ಎಲ್ಲರೂ ಲೆಕ್ಕ ಕೇಳುತ್ತಾರೆ, ಎಲ್ಲರೂ ಕಾಯುತ್ತಾರೆ. ಊರಿನವರು ಹಣ ಕೊಡಲಾರದಿದ್ದರೆ ಶ್ರಮ ಕೊಡಲಿ, ಸ್ಥಳ ಕೊಡಲಿ, ಸಮಯ ಕೊಡಲಿ.

ನಮ್ಮ ಧರ್ಮಕೇಂದ್ರಗಳಲ್ಲಿ ವಾಳೆಗಳಿವೆ, ಗುರಿಕಾರರಿದ್ದಾರೆ, ಮಹಿಳಾ ಸಂಘಟನೆಗಳಿವೆ, ನಿವೃತ್ತ ಶಿಕ್ಷಕಿಯರೂ ದಾದಿಯರೂ ಇದ್ದಾರೆ. ಯಾವ ಮನೆಯ ಮಗು ಶಾಲೆ ಬಿಟ್ಟಿದೆ, ಯಾವ ಮನೆಯ ಅಜ್ಜಿ ಮಾತ್ರೆ ನಿಲ್ಲಿಸಿದ್ದಾರೆ ಎಂಬುದು ಅವರಿಗೆ ಗೊತ್ತು. ವಿದೇಶದ ಹಣದಿಂದ ಕೊಳ್ಳಲಾಗದ ತಿಳಿವಳಿಕೆ ಅದು. ಈ ಬಾರಿ ರಜೆಯಲ್ಲಿ ಬರುವ ನಮ್ಮವರು "ಏನು ಮಾಡಬೇಕು?" ಎಂದು ಕೇಳಿದಾಗ, ಕಟ್ಟಡದ ನಕ್ಷೆ ತೋರಿಸುವ ಮೊದಲು ಜಾತಿ ಮತ ನೋಡದೆ ತಯಾರಿಸಿದ ಅಂಥ ಮನೆಗಳ ಪಟ್ಟಿಯೊಂದನ್ನು ಅವರ ಮುಂದಿಡೋಣ. ಪಟ್ಟಿ ಸಿದ್ಧವಾಗಿದ್ದರೆ ಕೊಡುವವರಿಗೂ ದಾರಿ ಕಾಣುತ್ತದೆ. ಅದನ್ನು ತಯಾರಿಸುವ ಕೆಲಸಕ್ಕೆ ಯಾವ ದೇಣಿಗೆಯೂ ಬೇಕಿಲ್ಲ, ಯಾವ ಅನುಮತಿಯೂ ಬೇಕಿಲ್ಲ. ಈ ವಾರವೇ ಆರಂಭಿಸಬಹುದು.